ಮಗನನ್ನು ವೆಲ್ಡಿಂಗ್ ಅಂಗಡಿಗೆ ಹಾಕುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಬೆಂಗಳೂರಿನಲ್ಲಿರುವ ನಮ್ಮವರಿಗೆ ಊರಿನಿಂದ ಒಂದೇ ಬಗೆಯ ಫೋನುಗಳು ಬರುತ್ತವೆ. ಉಳ್ಳಾಲದಿಂದ, ಬಂಟ್ವಾಳದಿಂದ, ಉಪ್ಪಿನಂಗಡಿ ಕಡೆಯಿಂದ. ನನಗೂ ಬರುತ್ತವೆ. "ಉಸ್ತಾದ್, ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ. ಸುಮ್ಮನೆ ಮೊಬೈಲ್ ಹಿಡ್ಕೊಂಡು ಕೂತಿರ್ತಾನೆ. ಅಲ್ಲಿ ಎಲ್ಲಾದ್ರೂ ಒಂದು ವೆಲ್ಡಿಂಗ್ ಅಂಗಡಿಗೆ ಹಾಕಿ ಕೊಡಿ."

ಈ ಮಾತಿನಲ್ಲಿ ಎರಡು ತಪ್ಪು ತಿಳುವಳಿಕೆ ಅಡಗಿವೆ. ಕಬ್ಬಿಣದ ಕೆಲಸಕ್ಕೆ ತಲೆ ಬೇಡ, ಓದಿನಲ್ಲಿ ಹಿಂದೆ ಬಿದ್ದವನಿಗೆ ಅದು ಸಾಕು ಎಂಬುದು ಒಂದು. "ಎಲ್ಲಾದ್ರೂ ಒಂದು" ಅಂಗಡಿ ಸಾಕು, ಯಾವುದಾದರೂ ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಕಸುಬಿಗೆ ಮಾಡುವ ಅವಮಾನ. ಎರಡನೆಯದರಿಂದ ಹುಡುಗನ ಕಣ್ಣೋ ಬೆರಳೋ ಹೋಗಬಹುದು.

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಒಮ್ಮೆ ನಿಧಾನಕ್ಕೆ ನಡೆದು ನೋಡಿ. ಒಂದು ಕಾಲದಲ್ಲಿ ಮನೆಗಳಾಗಿದ್ದ ಕಟ್ಟಡಗಳು ಈಗ ಹೋಟೆಲು, ಬಟ್ಟೆ ಮಳಿಗೆ, ಕಾಫಿ ಅಂಗಡಿಗಳಾಗಿವೆ. ಹಳೆ ಮನೆಯ ಗೋಡೆಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಒಳಗೆ ಕಬ್ಬಿಣದ ಅಟ್ಟ, ಮೇಲೆ ಶೀಟಿನ ಮಾಡು, ಮುಂದೆ ಬೋರ್ಡಿನ ಚೌಕಟ್ಟು. ಗಿರಾಕಿ ಕುಳಿತುಕೊಳ್ಳುವ ಮೇಜು ಕುರ್ಚಿಯ ಕಾಲು ಕೂಡ ಸ್ಕ್ವೇರ್ ಪೈಪ್‌ನದ್ದೇ. ಇದೆಲ್ಲ ಆಕಾಶದಿಂದ ಇಳಿದದ್ದಲ್ಲ. ದೂಪನಹಳ್ಳಿ, ಕೋಡಿಹಳ್ಳಿ, ಮುರುಗೇಶಪಾಳ್ಯ, ಹಲಸೂರಿನ ಗಲ್ಲಿಗಳಂಥ ಕಡೆ ಸಣ್ಣ ಅಂಗಡಿಗಳಲ್ಲಿ ಯಾರೋ ಕತ್ತರಿಸಿ, ಬೆಸೆದು, ಉಜ್ಜಿ ತಂದು ನಿಲ್ಲಿಸಿದ್ದು. ಅದೂ ಹೆಚ್ಚಾಗಿ ರಾತ್ರಿ ಹೊತ್ತು, ಯಾಕೆಂದರೆ ಮಾಲೀಕನಿಗೆ ಬಾಡಿಗೆ ಓಡುತ್ತಿರುತ್ತದೆ, ಬೇಗ ಅಂಗಡಿ ತೆರೆಯಬೇಕು.

ಬೆಂಗಳೂರಿನ ಈ ಪೂರ್ವ ಭಾಗಕ್ಕೆ ಲೋಹದ ಕೆಲಸ ಹೊಸದೇನಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಅದೇ ಮುಂದೆ ಎಚ್ಎಎಲ್ ಆಯಿತು. ಇಂದಿರಾನಗರದ ಒಂದು ದೊಡ್ಡ ಭಾಗಕ್ಕೆ ಈಗಲೂ ಎಚ್ಎಎಲ್ 2ನೇ ಹಂತ ಎಂಬ ಹೆಸರಿದೆ. 1948ರಲ್ಲಿ ಕೆ.ಆರ್.ಪುರದ ಹತ್ತಿರ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಬಂತು, 60ರ ದಶಕದಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಮತ್ತು ತಿಪ್ಪಸಂದ್ರದಲ್ಲಿ ಬಿಇಎಂಎಲ್ ಬಂದವು. ಎನ್‌ಜಿಇಎಫ್ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತಲ್ಲ, ಆ ಬೋಗಿಗಳನ್ನು ಕೊಟ್ಟವರಲ್ಲಿ ಈ ಬಿಇಎಂಎಲ್ ಕೂಡ ಒಂದು. ಸ್ಟೇನ್‌ಲೆಸ್ ಸ್ಟೀಲ್ ಬೋಗಿ. ಇಂದಿರಾನಗರ ಸ್ಟೇಷನ್‌ನಲ್ಲಿ ಹತ್ತುವ ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ಸಮುದಾಯದ ಕತೆ ಸ್ವಲ್ಪ ಬೇರೆ. ಬ್ಯಾರಿ ಎಂಬ ಹೆಸರೇ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಅದು ಹೌದೋ ಅಲ್ಲವೋ, ಗಲ್ಲಾದ ಹಿಂದೆ ಕುಳಿತವನಿಗೆ ಕೊಡುವ ಮರ್ಯಾದೆಯನ್ನು ನಾವು ಬೆಂಚಿನ ಮುಂದೆ ನಿಂತವನಿಗೆ ಕೊಡುವುದಿಲ್ಲ ಎಂಬುದಂತೂ ಹೌದು. ಮದುವೆ ಮಾತುಕತೆಯಲ್ಲಿ ಕೇಳಿ ನೋಡಿ. "ಹುಡುಗನಿಗೆ ಏನು ಕೆಲಸ?" "ಫ್ಯಾನ್ಸಿ ಅಂಗಡಿ ಉಂಟು." ಚಹಾ ಬರುತ್ತದೆ. "ವೆಲ್ಡಿಂಗ್ ಕೆಲಸ." ಒಂದು ನಿಮಿಷ ಎಲ್ಲರೂ ಗೋಡೆ ನೋಡುತ್ತಾರೆ. ಅದೇ ಹುಡುಗ ಜುಬೈಲ್‌ನಲ್ಲೋ ದಮ್ಮಾಮ್‌ನಲ್ಲೋ ವೆಲ್ಡರ್ ಅಂದರೆ ಚಹಾದ ಜೊತೆ ತಿಂಡಿಯೂ ಬರುತ್ತದೆ. ಕೆಲಸ ಅದೇ, ಕಬ್ಬಿಣ ಅದೇ. ದಾವೂದ್ ನಬಿ (ಅ) ಕಬ್ಬಿಣದಿಂದ ಕವಚ ಮಾಡಿ ಸ್ವಂತ ಕೈದುಡಿಮೆಯಲ್ಲಿ ಉಂಡವರು ಎಂದು ಮದ್ರಸದಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇವೆ. ಪಾಠ ಕೇಳಿದ ಮಗುವಿನ ಮನೆಯಲ್ಲೇ "ಓದದಿದ್ರೆ ವೆಲ್ಡಿಂಗಿಗೆ ಹಾಕ್ತೇನೆ" ಎಂದು ಉಮ್ಮ ಹೆದರಿಸುತ್ತಾರೆ.

ಈ ಕೆಲಸಕ್ಕೆ ತಲೆ ಬೇಡ ಎನ್ನುವವರು ಒಂದು ಗೇಟು ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಲಿ. 6 ಮೀಟರ್ ಉದ್ದದ ಪೈಪಿನಲ್ಲಿ 1 ಮೀಟರಿನ ಎಷ್ಟು ತುಂಡು ಬರುತ್ತದೆ? ಆರು ಎಂದು ನಾವು ಹೇಳುತ್ತೇವೆ. ಬರುವುದು ಐದೇ. ಕತ್ತರಿಸುವ ಚಕ್ರದ ದಪ್ಪ 3 ಮಿಲಿಮೀಟರ್ ಇದ್ದರೆ ಒಂದೊಂದು ಕಟ್ಟಿಗೆ ಅಷ್ಟಷ್ಟು ಪುಡಿಯಾಗಿ ಹೋಗುತ್ತದೆ. ಐದು ಕಟ್ಟಿಗೆ 15 ಮಿಲಿಮೀಟರ್, ಕೊನೆಯ ತುಂಡು ಅಷ್ಟು ಗಿಡ್ಡ. ಇದನ್ನು ಮೊದಲೇ ಲೆಕ್ಕ ಹಾಕದವನ ಗೇಟು ಬಾಗಿಲ ಚೌಕಟ್ಟಿಗೆ ಕೂರುವುದಿಲ್ಲ. 4 ಅಡಿ ಉದ್ದ 3 ಅಡಿ ಅಗಲದ ಫ್ರೇಮು ಮೂಲೆಗೆ ಸರಿ ಇದೆಯೋ ಎಂದು ನೋಡಲು ಟೇಪನ್ನು ಓರೆಯಾಗಿ ಹಿಡಿಯುತ್ತಾರೆ. ಎರಡೂ ಕಡೆ 5 ಅಡಿ ಬಂದರೆ ಸರಿ. ಹತ್ತನೇ ಕ್ಲಾಸಿನ ಪೈಥಾಗೊರಸ್ ಪ್ರಮೇಯ ಅಂದರೆ ಇದೇ. ಗಣಿತದಲ್ಲಿ ಫೇಲಾದ ಹುಡುಗ ದಿನಕ್ಕೆ ಹತ್ತು ಸಲ ಅದನ್ನೇ ಮಾಡುತ್ತಿರುತ್ತಾನೆ, ಹೆಸರು ಮಾತ್ರ ಗೊತ್ತಿಲ್ಲ. ದುಂಡು ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಸರಳು ಮೀಟರಿಗೆ 890 ಗ್ರಾಂ ಹತ್ತಿರ. ಒಳ್ಳೆಯ ಮೇಸ್ತ್ರಿ ಇದನ್ನು ಬಾಯಲ್ಲೇ ಹೇಳುತ್ತಾನೆ.

ಇನ್ನು ಸ್ಟೇನ್‌ಲೆಸ್ ಸ್ಟೀಲ್. ಕರಾವಳಿಯವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಉಳ್ಳಾಲದ ಕಡಲ ಬದಿಯ ಮನೆಗೆ "ತುಕ್ಕು ಹಿಡಿಯೋದೇ ಇಲ್ಲ" ಎಂದು ಹಾಕಿಸಿದ ರೇಲಿಂಗು ಎರಡು ಮಳೆಗಾಲಕ್ಕೆ ಕಂದು ಚುಕ್ಕೆ ಬಿಡುತ್ತದೆ. 304 ಎಂಬ ದರ್ಜೆಯ ಬದಲು ಅಗ್ಗದ 202 ಹಾಕಿದ್ದು ಒಂದು ಕಾರಣ ಇರಬಹುದು. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಎರಡಕ್ಕೂ ಅದು ಹೆಚ್ಚುಕಮ್ಮಿ ಅಂಟುವುದಿಲ್ಲ. ಇನ್ನೊಂದು ಕಾರಣ ಕೆಲಸದವನ ಅಜ್ಞಾನ. ಮಾಮೂಲಿ ಕಬ್ಬಿಣ ಉಜ್ಜಿದ ಡಿಸ್ಕಿನಿಂದಲೇ ಸ್ಟೀಲನ್ನೂ ಉಜ್ಜಿದರೆ ಕಬ್ಬಿಣದ ಕಣಗಳು ಸ್ಟೀಲಿನ ಮೈಯಲ್ಲಿ ಕೂತು ಅಲ್ಲಿಂದ ತುಕ್ಕು ಶುರುವಾಗುತ್ತದೆ. ಸ್ಟೀಲಿಗೆ ಬೇರೆಯೇ ಡಿಸ್ಕು ಇಡಬೇಕು. ಇದನ್ನು ಹೇಳಿ ಕೊಡುವ ಅಂಗಡಿಗೂ ಹೇಳಿ ಕೊಡದ ಅಂಗಡಿಗೂ ಇರುವ ದೂರವೇ ಕಸುಬು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯ, ಹ್ಯಾಂಡ್ ಗ್ರೈಂಡರ್.

ಅಂಗಡಿಗೆ ಸೇರಿದ ಹೊಸ ಹುಡುಗನ ಕೈಗೆ ವೆಲ್ಡಿಂಗ್ ಹೋಲ್ಡರ್ ಬೇಗ ಸಿಗುವುದಿಲ್ಲ, ಅದು ಮೇಸ್ತ್ರಿಯದ್ದು. ಅವನಿಗೆ ಮೊದಲ ದಿನವೇ ಸಿಗುವುದು ಗ್ರೈಂಡರ್. "ಇದನ್ನ ಉಜ್ಜು, ಅದನ್ನ ಕಟ್ ಮಾಡು." ಸುಲಭದ ಕೆಲಸ ಎಂಬ ಲೆಕ್ಕ. ಆದರೆ ಆ ಅಂಗಡಿಯಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. 4 ಇಂಚಿನ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಅದರಿಂದ ಮುರಿದು ಹಾರಿದ ಚೂರು ಅದೇ ವೇಗದಲ್ಲಿ ಮುಖಕ್ಕೆ ಬರುತ್ತದೆ. ತಪ್ಪಿಸಿಕೊಳ್ಳೋಣ ಎಂದು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅದಕ್ಕಾಗಿಯೇ ಕಂಪನಿಯವರು ಡಿಸ್ಕಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗಾರ್ಡ್ ಕೊಟ್ಟಿರುತ್ತಾರೆ. ನಮ್ಮ ಊರಿನ ಎಷ್ಟೋ ಅಂಗಡಿಗಳಲ್ಲಿ ಗ್ರೈಂಡರ್ ತಂದ ದಿನವೇ ಬಿಚ್ಚಿ ಮೂಲೆಗೆ ಎಸೆಯುವ ವಸ್ತು ಅದೇ. ಮೂಲೆಗೆ ಡಿಸ್ಕು ತಾಗುವುದಿಲ್ಲ, ಕಾಣುವುದಿಲ್ಲ ಎಂದು ನೆಪ. ನಿಜವಾದ ಕಾರಣ ಹೆಚ್ಚಾಗಿ ಬೇರೆ: ಗಾರ್ಡ್ ತೆಗೆದರೆ ದೊಡ್ಡ ಡಿಸ್ಕು ಹಾಕಬಹುದು. 7 ಇಂಚಿನ ಮಷಿನಿನಲ್ಲಿ ಸವೆದ ಡಿಸ್ಕನ್ನು ಬಿಸಾಡಲು ಮನಸ್ಸಾಗದೆ 4 ಇಂಚಿನ ಮಷಿನಿಗೆ ಹಾಕಿ ಓಡಿಸುವವರಿದ್ದಾರೆ. 7 ಇಂಚಿನ ಡಿಸ್ಕಿನ ಮೇಲೆ ಸಾಮಾನ್ಯವಾಗಿ 8,500 ಸುತ್ತಿನ ಮಿತಿ ಬರೆದಿರುತ್ತದೆ. ಅದನ್ನು 11,000ಕ್ಕೆ ತಿರುಗಿಸಿದರೆ ಸಿಡಿಯದಿರುವುದು ಅದೃಷ್ಟ ಮಾತ್ರ. ಉಳಿಯುವುದು ಒಂದು ಡಿಸ್ಕಿನ ದುಡ್ಡು, ಅದಕ್ಕೆ ಪಣಕ್ಕಿಟ್ಟದ್ದು ಒಬ್ಬ ಹುಡುಗನ ಮುಖ. ಇನ್ನು ಕೆಲವರು ಮರ ಕುಯ್ಯುವ ಹಲ್ಲಿನ ಬ್ಲೇಡನ್ನೇ ಗ್ರೈಂಡರಿಗೆ ಸಿಕ್ಕಿಸುತ್ತಾರೆ. ಅದರ ಬಗ್ಗೆ ಒಂದೇ ಮಾತು: ಅದನ್ನು ಕಂಡರೆ ಅಂಗಡಿಯಿಂದ ಹೊರಗೆ ಬನ್ನಿ.

ಕತ್ತರಿಸುವ ತೆಳು ಡಿಸ್ಕು ಕತ್ತರಿಸುವುದಕ್ಕೆ, ಉಜ್ಜುವ ದಪ್ಪ ಡಿಸ್ಕು ಉಜ್ಜುವುದಕ್ಕೆ. 1 ಎಂಎಂ ಡಿಸ್ಕಿನ ಪಕ್ಕೆಯಿಂದ ವೆಲ್ಡಿಂಗ್ ಗಂಟು ಉಜ್ಜಿದರೆ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚು ಹಾಕಿರುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವ ಹಾಗೆ ಡಿಸ್ಕಿಗೂ ಅವಧಿ ಇದೆ, ಯಾಕೆಂದರೆ ಅದರ ಅಂಟು ತೇವ ಹೀರಿ ಬಲ ಕಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದಿದ್ದ ಡಿಸ್ಕು ಹೇಗಿರಬಹುದು, ನೀವೇ ಯೋಚಿಸಿ.

ಎರಡೂ ತುದಿಗೆ ಆಧಾರ ಕೊಟ್ಟು ಪೈಪನ್ನು ನಡುವೆ ಕತ್ತರಿಸಿದರೆ, ಕೊನೆಗೆ ಪೈಪು ಕುಸಿದು ಡಿಸ್ಕನ್ನು ಹಿಸುಕಿ ಹಿಡಿಯುತ್ತದೆ. ಆ ಕ್ಷಣಕ್ಕೆ ಮಷಿನು ಹಿಂದಕ್ಕೆ ಹಾರುತ್ತದೆ. ಹಾರುವ ಜಾಗ ತೊಡೆ, ಹೊಟ್ಟೆ ಅಥವಾ ಕುತ್ತಿಗೆ. ಕತ್ತರಿಸುವ ತುಂಡು ಕೆಳಗೆ ಬೀಳುವ ಹಾಗೆ, ಸೀಳು ಅಗಲವಾಗುವ ಹಾಗೆ ಆಧಾರ ಕೊಡಬೇಕು. ಪಕ್ಕದ ಹಿಡಿಯನ್ನು ಬಿಚ್ಚಬಾರದು, ಎರಡು ಕೈಯಲ್ಲೇ ಹಿಡಿಯಬೇಕು, ಡಿಸ್ಕಿನ ನೇರಕ್ಕೆ ನಿಲ್ಲಬಾರದು. ಬೆಂಗಳೂರಿನಲ್ಲಿ ಇನ್ನೊಂದು ಅಪಾಯ ಉಂಟು. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಹುಡುಗ ಸ್ವಿಚ್ ಲಾಕ್ ಆಗಿದ್ದ ಗ್ರೈಂಡರನ್ನು ಹಾಗೇ ಕೆಳಗಿಟ್ಟು ಚಹಾಕ್ಕೆ ಹೋಗುತ್ತಾನೆ. ಕರೆಂಟು ಬಂದಾಗ ಅದು ತಾನಾಗಿ ತಿರುಗಲು ಶುರುಮಾಡಿ ನೆಲದ ಮೇಲೆ ಕುಣಿಯುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ ಆಫ್ ಮಾಡು, ಡಿಸ್ಕು ಬದಲಿಸುವಾಗ ಪ್ಲಗ್ ಕೀಳು ಎಂದು ಮೊದಲ ದಿನವೇ ಹೇಳದ ಮೇಸ್ತ್ರಿ ಮೇಸ್ತ್ರಿಯಲ್ಲ.

ಬಟ್ಟೆಯ ಮಾತು ಹೇಳದಿದ್ದರೆ ಆಗದು. ನಮ್ಮವರು ಲುಂಗಿ ಉಟ್ಟು, ಹವಾಯಿ ಚಪ್ಪಲಿ ಹಾಕಿ ಗ್ರೈಂಡರ್ ಹಿಡಿಯುವುದನ್ನು ಊರಿನಲ್ಲೂ ಇಲ್ಲಿಯೂ ನೋಡಿದ್ದೇನೆ. ಲುಂಗಿಯ ತುದಿ, ಕುತ್ತಿಗೆಯ ಶಾಲು, ಸಡಿಲ ತೋಳು, ಇವಕ್ಕೆಲ್ಲ ತಿರುಗುವ ಡಿಸ್ಕು ಬಾಯಿ ತೆರೆದೇ ಇರುತ್ತದೆ. ಅದೇ ಯುವಕ ಜುಬೈಲ್‌ಗೆ ಹೋದರೆ ಸೇಫ್ಟಿ ಶೂ, ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಶೀಲ್ಡು, ಕಿವಿಗೆ ಪ್ಲಗ್ಗು, ಕಿಡಿ ಹಾರುವ ಕೆಲಸಕ್ಕೆ ಮೊದಲೇ ಪರ್ಮಿಟ್ಟು, ಪಕ್ಕದಲ್ಲಿ ಬೆಂಕಿ ನೋಡಿಕೊಳ್ಳಲು ಒಬ್ಬ. ಅಲ್ಲಿ ಇದೆಲ್ಲ ಇಲ್ಲದೆ ಸೈಟಿನ ಒಳಗೇ ಬಿಡುವುದಿಲ್ಲ. ರಜೆಗೆ ಬಂದವನು ಮಾವನ ಮನೆ ಗೇಟು ರಿಪೇರಿಗೆ ಕೂತರೆ ಪುನಃ ಲುಂಗಿ! ಅರಬ್ಬಿಯ ಮುಂದೆ ಬೆಲೆಯಿದ್ದ ಕಣ್ಣಿಗೆ ಇಲ್ಲಿ ಬೆಲೆಯಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಕಣ್ಣಿಗೆ ಕಬ್ಬಿಣದ ಚೂರು ಹೋದರೆ ಅಂಗಡಿಯಲ್ಲಿ ಯಾರೋ ಒಬ್ಬ 'ಎಕ್ಸ್‌ಪರ್ಟ್' ಇರುತ್ತಾನೆ, ಬೆಂಕಿಕಡ್ಡಿಯಿಂದಲೋ ಕರವಸ್ತ್ರದ ತುದಿಯಿಂದಲೋ ತೆಗೆಯುತ್ತಾನೆ. ದಯವಿಟ್ಟು ಇದನ್ನು ಮಾಡಬೇಡಿ, ಮಾಡಿಸಿಕೊಳ್ಳಬೇಡಿ, ಕಣ್ಣನ್ನು ಉಜ್ಜಲೂಬೇಡಿ. ಕಬ್ಬಿಣದ ಕಣ ಕಣ್ಣಿನ ಕಪ್ಪು ಭಾಗದ ಮೇಲೆ ಕೂತರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಅದನ್ನು ತೆಗೆಯುವುದು ಕಣ್ಣಿನ ಡಾಕ್ಟರ ಕೆಲಸ. ಬೆಂಗಳೂರಿನಲ್ಲಿ 1896ರಿಂದ ಇರುವ ಸರಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ ಇಂದಿರಾನಗರದಲ್ಲೇ ಸರ್ ಸಿ.ವಿ. ರಾಮನ್ ಸರಕಾರಿ ಆಸ್ಪತ್ರೆಗೆ ಮೊದಲು ಹೋಗಿ ತೋರಿಸಿ. ವೆಲ್ಡಿಂಗ್ ಬೆಳಕು ತಾಗಿದ ಕಣ್ಣು ಕೂಡಲೇ ನೋಯುವುದಿಲ್ಲ. ಕೆಲವು ಗಂಟೆ ಕಳೆದು ಮಧ್ಯರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಆಗುತ್ತದೆ. ಆಗ ಆಲೂಗಡ್ಡೆ ಹೋಳು, ರೋಸ್ ವಾಟರ್ ಎಂದು ಮನೆಮದ್ದು ಶುರು. ಮಾಸ್ಕ್ ಹಾಕಿಕೊಂಡಿದ್ದರೆ ಇದೊಂದೂ ಬೇಕಾಗಿರಲಿಲ್ಲ. ಜಿ.ಐ. ಪೈಪು ಬೆಸೆಯುವಾಗ ಏಳುವ ಬಿಳಿ ಹೊಗೆ ಸತುವಿನದ್ದು, ಕುಡಿದವನಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಬೆಲ್ಲ ತಿಂದರೆ ಸರಿಯಾಗುತ್ತದೆ ಎಂದು ಎಲ್ಲ ಅಂಗಡಿಯಲ್ಲೂ ಹೇಳುತ್ತಾರೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಅಂಗಡಿ ಇಟ್ಟಿರುವ ನಮ್ಮವರೇ ಇದ್ದಾರೆ, ಅವರಿಗೂ ಎರಡು ಮಾತು. "ಕೊಟ್ಟರೂ ಹುಡುಗರು ಹಾಕೋದಿಲ್ಲ ಉಸ್ತಾದ್" ಎನ್ನುತ್ತಾರೆ. ಸೆಕೆ, ಬೆವರು, ಮಂಜು ಹಿಡಿಯುತ್ತದೆ, ಅದು ನಿಜ. ಆದರೆ ಮಾಲೀಕ ತಾನೇ ಹಾಕದೆ ಹುಡುಗನಿಗೆ ಹಾಕು ಎಂದರೆ ಯಾರು ಕೇಳುತ್ತಾರೆ? ಕೆಲವು ನೂರು ರೂಪಾಯಿಯ ಶೀಲ್ಡು ಅದು. ಇನ್ನೊಂದು ಮಾತು ಅಳತೆಯದು. ಒಂದಿಂಚಿನ ಸ್ಕ್ವೇರ್ ಪೈಪು 2 ಎಂಎಂ ದಪ್ಪದ್ದಾದರೆ 6 ಮೀಟರಿಗೆ ಸುಮಾರು ಎಂಟೂವರೆ ಕಿಲೋ ತೂಗುತ್ತದೆ, 1.2 ಎಂಎಂನದ್ದು ಐದೂಕಾಲು ಕಿಲೋ ಹತ್ತಿರ. ಚದರ ಅಡಿ ಲೆಕ್ಕದಲ್ಲಿ 2 ಎಂಎಂನ ರೇಟು ಮಾತಾಡಿ 1.2 ಹಾಕಿ ಪೇಂಟು ಬಳಿದರೆ ಗಿರಾಕಿಗೆ ಕಾಣುವುದಿಲ್ಲ. ಅಳತೆ ತೂಕದಲ್ಲಿ ಕಡಿಮೆ ಮಾಡುವವರ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆ ಎಂದು ಜುಮಾ ಖುತ್ಬಾದಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಯಸ್ಸಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ತುಂಬದ ಮಗುವನ್ನು ಕೂಲಿಗೆ ಇಡುವಂತಿಲ್ಲ, 18 ತುಂಬದವನನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ. ಹತ್ತನೇ ಕ್ಲಾಸು ಮುಗಿಸಿದ ಹುಡುಗನಿಗೆ 15 ಅಥವಾ 16. ಹಾಗಾದರೆ ಆ ಎರಡು ವರ್ಷ ಏನು ಮಾಡುವುದು? ಅದಕ್ಕೇ ಐಟಿಐಗಳಿರುವುದು. ವೆಲ್ಡರ್ ಕೋರ್ಸು ಒಂದು ವರ್ಷದ್ದು, ಎಂಟನೇ ಕ್ಲಾಸು ಪಾಸಾದವನಿಗೂ ಸೀಟು ಸಿಗುತ್ತದೆ, ಅಂದರೆ ಎಸ್ಸೆಸ್ಸೆಲ್ಸಿ ಫೇಲಾದವನಿಗೂ. ಫಿಟ್ಟರ್ ಎರಡು ವರ್ಷ, ಅದಕ್ಕೆ ಹತ್ತನೆಯದು ಪಾಸಾಗಿರಬೇಕು. ಇನ್ನೂ ಚುರುಕಿನ ಮಕ್ಕಳಿಗೆ ಸರಕಾರಿ ಟೂಲ್ ರೂಂ, ಅಂದರೆ ಜಿಟಿಟಿಸಿಯ ಡಿಪ್ಲೊಮಾ ಇದೆ. ಬೆಂಗಳೂರಿನ ರಾಜಾಜಿನಗರದಲ್ಲಿ ಮಾತ್ರವಲ್ಲ, ಮಂಗಳೂರಿನ ಬೈಕಂಪಾಡಿಯಲ್ಲೂ ಇದೆ. ಉಮ್ಮನ ಕೈಯ ಊಟ ಬಿಟ್ಟು ಬರಬೇಕಾಗಿಲ್ಲ. ಕಲಿತ ಮೇಲೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಾ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ನೋಡಬಹುದು. ಗಲ್ಫಿನ ಆಸೆ ಇದ್ದವನಿಗೂ ಇದೇ ದಾರಿ. ಅಲ್ಲಿನ ದೊಡ್ಡ ಪೈಪ್‌ಲೈನ್ ಕೆಲಸಗಳಿಗೆ 6ಜಿ ಎಂಬ ಪರೀಕ್ಷೆ ಕೇಳುತ್ತಾರೆ. 45 ಡಿಗ್ರಿ ಓರೆಯಾಗಿ ಕಟ್ಟಿದ ಪೈಪನ್ನು ಅಲುಗಾಡಿಸದೆ ಸುತ್ತಲೂ ಬೆಸೆಯಬೇಕು. 'ಹೆಲ್ಪರ್' ವೀಸಾದಲ್ಲಿ ಹೋದವನಿಗೂ ಅದು ಪಾಸಾದವನಿಗೂ ಸಂಬಳದಲ್ಲಿ ಎಷ್ಟು ವ್ಯತ್ಯಾಸ ಎಂದು ಅಲ್ಲಿ ಇರುವ ನಿಮ್ಮ ಸಂಬಂಧಿಕರನ್ನೇ ಕೇಳಿ.

ನಮ್ಮ ಜಮಾಅತ್‌ಗಳು ಸ್ಕಾಲರ್‌ಶಿಪ್ ಕೊಡುವಾಗ ಪಿಯುಸಿ, ಡಿಗ್ರಿ, ಮೆಡಿಕಲ್ ಎಂದು ಪಟ್ಟಿ ಮಾಡುತ್ತವೆ. ಸನ್ಮಾನವೂ 90 ಶೇಕಡಾ ದಾಟಿದವರಿಗೆ. ಐಟಿಐ ಸೇರಿದ ಹುಡುಗನಿಗೆ ಒಂದು ಜೊತೆ ಸೇಫ್ಟಿ ಶೂ, ಒಂದು ಶೀಲ್ಡು, ಒಂದು ಒಳ್ಳೆಯ ಟೇಪು, ಮೂಲೆಮಟ್ಟ ಕೊಟ್ಟು ಅದೇ ವೇದಿಕೆಗೆ ಕರೆಯಲು ಏನು ಅಡ್ಡಿ? ದೊಡ್ಡ ಖರ್ಚೇನಲ್ಲ. ಮುಂದಿನ ಸಲ ಮದುವೆ ಮಾತುಕತೆಯಲ್ಲಿ ಗೋಡೆ ನೋಡುವವರು ಸ್ವಲ್ಪ ಕಡಿಮೆಯಾಗಬಹುದು.

ಈಗಾಗಲೇ ಈ ಕೆಲಸದಲ್ಲಿರುವ 18 ದಾಟಿದ ಹುಡುಗರು ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಬೇಕು. ಕಟ್ಟಡಗಳಿಗೆ ಗ್ರಿಲ್, ಕಿಟಕಿ ಮಾಡಿ ಅಳವಡಿಸುವವರು ಕಟ್ಟಡ ಕಾರ್ಮಿಕರ ಲೆಕ್ಕಕ್ಕೆ ಬರುತ್ತಾರೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಇದ್ದರೆ ಕಾರ್ಮಿಕ ಇಲಾಖೆಯ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದರೆ, ಆಸ್ಪತ್ರೆ ಸೇರಿದರೆ, ಮಕ್ಕಳ ಓದಿಗೆ ಅದರಿಂದ ನೆರವು ಸಿಗುತ್ತದೆ. ಹತ್ತು ಅಥವಾ ಹೆಚ್ಚು ಜನ ಇರುವ ವರ್ಕ್‌ಶಾಪಾದರೆ ಇಎಸ್‌ಐ ಕೇಳುವ ಹಕ್ಕೂ ಇದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೆಲಸದ ದೃಢೀಕರಣ ಪತ್ರ ಜೊತೆಗಿಟ್ಟುಕೊಳ್ಳಿ. ಪತ್ರಕ್ಕೆ ಸಹಿ ಹಾಕಲು ಮಾಲೀಕ ಹಿಂದೆಮುಂದೆ ನೋಡಿದರೆ ಜಮಾಅತ್ ಕಮಿಟಿಯವರು ಇಬ್ಬರು ಜೊತೆಗೆ ಹೋಗಿ ಮಾತಾಡಲಿ. ನಾನೂ ಬರುತ್ತೇನೆ.